ಓದುಗರ ಪ್ರಶ್ನೆ, ಬಲ್ಲವರ ಉತ್ತರ: ವೀಲ್‌ಚೇರ್‌ನಿಂದ ಕಯಾಕ್‌ಗೆ

ದೈಹಿಕ ಅಂಗವೈಕಲ್ಯ ಇರುವವರು ಕಯಾಕ್ (ಎರಡೂ ತುದಿಗೆ ಅಲಗಿರುವ ಪ್ಯಾಡಲ್, ಅಂದರೆ ಹುಟ್ಟಿನಿಂದ ನಡೆಸುವ ಸಣ್ಣ ದೋಣಿ) ನಡೆಸುವ ಬಗ್ಗೆ ಬಂದ ಪ್ರಶ್ನೆಗಳಿಗೇ ಈ ಸಲದ ಅಂಕಣ ಮೀಸಲು. ಉತ್ತರ ಬರೆದವರು ಜಲಸಾಹಸ ತರಬೇತುದಾರರು ಮತ್ತು ಫಿಸಿಯೊಥೆರಪಿಸ್ಟರು. ಓದುಗರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನ ತಮ್ಮನಿಗೆ 31 ವರ್ಷ. ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿದೆ, ಟಿ-10 ಅಂತ ಡಾಕ್ಟರು ಬರೆದಿದ್ದಾರೆ. ಕಾಲುಗಳಿಗೆ ಸ್ವಾಧೀನವಿಲ್ಲ. ಶರಾವತಿ ಹಿನ್ನೀರಿನಲ್ಲಿ ಕಯಾಕ್ ಮಾಡಲೇಬೇಕು ಅಂತ ಹಟ ಹಿಡಿದಿದ್ದಾನೆ. ಬೀಳದ ಹಾಗೆ ಸೀಟಿಗೆ ಬೆಲ್ಟ್ ಹಾಕಿ ಕಟ್ಟಿದರೆ ಸಾಕೆ? ಯಾವ ತರಹದ ಕಯಾಕ್ ಬೇಕು?
— ಸಾಗರ

ಉತ್ತರ: ಕಟ್ಟಬೇಡಿ. ಮಿಕ್ಕದ್ದೆಲ್ಲ ಆಮೇಲಿನ ಮಾತು. ಕಯಾಕ್ ಮಗುಚಿದರೆ ಕೂತವರು ತಾವಾಗಿ ಕಳಚಿ ನೀರಿಗೆ ಬೀಳಬೇಕು, ಆಗ ಲೈಫ್ ಜಾಕೆಟ್ ಅವರನ್ನು ಮೇಲೆ ತರುತ್ತದೆ. ಕಟ್ಟಿಹಾಕಿದರೆ ಜಾಕೆಟ್ ಹಾಕಿದ್ದೂ ತಲೆ ನೀರಿನಡಿಗೇ ಉಳಿಯುತ್ತದೆ. ಎದೆಗೆ ಆಸರೆ ಬೇಕೇ ಬೇಕು ಎನಿಸಿದರೆ ಅಗಲವಾದ ವೆಲ್ಕ್ರೊ ಪಟ್ಟಿ ಮಾತ್ರ ಹಾಕಿ. ಅದು ಮೈಭಾರಕ್ಕೇ ಬಿಚ್ಚಿಕೊಳ್ಳುವಂತಿರಬೇಕು. ಅದನ್ನೂ ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಕಯಾಕ್ ಮಗುಚಿ ಪರೀಕ್ಷೆ ಮಾಡದೆ ಬಳಸಬಾರದು. ಬಕಲ್ ಇರುವ ಬೆಲ್ಟಿನ ಯೋಚನೆಯೇ ಬೇಡ.

ಟಿ-10 ಎಂದರೆ ಬೆನ್ನುಹುರಿಯ ಎದೆಭಾಗದ ಹತ್ತನೇ ಮಟ್ಟದ ಗಾಯ. ಇದರಲ್ಲಿ ಕೈ, ಭುಜ, ಎದೆ, ಬೆನ್ನಿನ ಮೇಲುಭಾಗ ಮತ್ತು ಹೊಟ್ಟೆಯ ಮೇಲಿನ ಸ್ನಾಯುಗಳು ಸಾಮಾನ್ಯವಾಗಿ ಕೆಲಸ ಮಾಡುತ್ತವೆ. ಕಯಾಕ್‌ಗೆ ಇದು ಒಳ್ಳೆಯ ಬಂಡವಾಳ. ಎಷ್ಟು ಆಸರೆ ಬೇಕೆಂದು ಮನೆಯಲ್ಲೇ ನೋಡಬಹುದು: ನೆಲದ ಮೇಲೆ ಕಾಲು ಚಾಚಿ ಕೂರಿಸಿ, ಮೊಣಕಾಲಡಿ ಸುತ್ತಿದ ಯೋಗ ಮ್ಯಾಟ್ ಇಡಿ, ಕೈಗೆ ಒಂದು ಕೋಲು ಕೊಟ್ಟು ಎಡ-ಬಲ ಹತ್ತು ಸಲ ಹುಟ್ಟು ಹಾಕುವ ಹಾಗೆ ತಿರುಗಿಸಲಿ. ಹಿಂದೆ ಒಬ್ಬರು ಮುಟ್ಟದೆ, ಆದರೆ ಬಿದ್ದರೆ ಹಿಡಿಯುವಷ್ಟು ಹತ್ತಿರ ಕೂತಿರಬೇಕು. ಒಂದೆರಡು ಸಲಕ್ಕೇ ಪಕ್ಕಕ್ಕೆ ವಾಲಿದರೆ ಪಕ್ಕೆಲುಬಿಗೆ ಎರಡೂ ಕಡೆ ಐದು ಸೆಂಟಿಮೀಟರ್ ದಪ್ಪದ ಫೋಮ್ ಆಸರೆ ಬೇಕು. ಹಿಂದಕ್ಕೆ ಬಿದ್ದರೆ ಎತ್ತರದ ಬೆನ್ನೊರಗು ಬೇಕು. ಎರಡೂ ಆಗದಿದ್ದರೆ ಹೆಗಲ ಮೂಳೆಯ ಕೆಳಗೆ ನಿಲ್ಲುವ ಬೆನ್ನೊರಗು ಸಾಕು. ಅದಕ್ಕಿಂತ ಎತ್ತರವಾದರೆ ಮೈ ತಿರುಗಿಸಲು ಬಿಡುವುದಿಲ್ಲ, ಜಾಕೆಟಿನ ಹಿಂದಿನ ಫೋಮ್ ಅದಕ್ಕೆ ತಾಗಿ ಕತ್ತು ಮುಂದಕ್ಕೆ ನೂಕುತ್ತದೆ. ಹಿಂಬದಿಯ ಕೆಳಭಾಗದಲ್ಲಿ ಫೋಮ್ ಇಲ್ಲದೆ ಬರೀ ಬಲೆ ಇರುವ ಕಯಾಕ್ ಜಾಕೆಟ್ ಹುಡುಕಿ.

ದೋಣಿ 'ಸಿಟ್-ಆನ್-ಟಾಪ್' ಇರಲಿ, ಅಂದರೆ ಮೇಲ್ಗಡೆಯೇ ಕೂರುವಂಥದ್ದು, ಅಗಲ 75ರಿಂದ 85 ಸೆಂ.ಮೀ. ಕಾಲು ಒಳಗೆ ತೂರಿಸುವ ಮುಚ್ಚಿದ ಕಯಾಕ್ ಈಗ ಬೇಡ. ಸ್ವಾಧೀನವಿಲ್ಲದ ಕಾಲು ಡೆಕ್ಕಿನಡಿ ಸಿಕ್ಕಿಕೊಂಡರೆ ತಾನಾಗಿ ಹೊರಬರುವುದಿಲ್ಲ. ಸೀಟಿನ ಮುಂಭಾಗ ಸ್ವಲ್ಪ ಎತ್ತರವಿದ್ದರೆ ಮೈ ಮುಂದಕ್ಕೆ ಜಾರುವುದಿಲ್ಲ, ಬೆಣೆಯಾಕಾರದ ಫೋಮ್ ತುಂಡು ಇಟ್ಟರಾಯಿತು. ಆದರೆ ಇಡೀ ಸೀಟನ್ನು ಎತ್ತರಿಸಬೇಡಿ. ಐದು ಸೆಂಟಿಮೀಟರ್ ಮೇಲೇರಿಸಿದರೂ ದೋಣಿಯ ಸ್ವಭಾವವೇ ಬದಲಾಗುತ್ತದೆ. ಅಗಲದ ದೋಣಿ ಕೊಂಡು, ಅದರ ಮೇಲೆ ಎರಡು ದಿಂಬು ಪೇರಿಸಿ, ಕೊಟ್ಟ ದುಡ್ಡನ್ನು ನೀರಿಗೆ ಹಾಕುವವರು ಬಹಳ.

ಮಗುಚುವ ಅಭ್ಯಾಸ ಮೊದಲ ದಿನವೇ ಆಗಲಿ, ಇಬ್ಬರು ಸಹಾಯಕರು ನೀರಿನಲ್ಲಿ ನಿಂತಿರಲಿ. ಬತ್ತಿದ ಕಾಲುಗಳು ನೀರಿನಲ್ಲಿ ತೇಲಿ ಮೇಲೇಳುತ್ತವೆ, ಮುಖ ಕೆಳಗಾಗುವ ಸಂಭವವಿದೆ. ಜಾಕೆಟ್ ಹಾಕಿ ಬೋರಲಾಗಿ ತೇಲಿಬಿಟ್ಟು, ಕೈಬೀಸಿ ತಾನೇ ಅಂಗಾತ ತಿರುಗಬಲ್ಲನೇ ನೋಡಿ. ಆಗದಿದ್ದರೆ ಸಾಮಾನ್ಯ 50 ನ್ಯೂಟನ್ (ತೇಲಿಸುವ ಬಲದ ಅಳತೆ) ಜಾಕೆಟ್ ಸಾಲದು, ಕುತ್ತಿಗೆಯ ಹಿಂದೆ ಕಾಲರ್ ಇರುವ 100 ನ್ಯೂಟನ್‌ನದ್ದು ಹಾಕಿಸಿ, ಅದನ್ನೂ ಹೀಗೆಯೇ ಪರೀಕ್ಷಿಸಿ. ಮತ್ತೆ ಹತ್ತಿಸುವಾಗ ಇನ್ನೊಂದು ಕಯಾಕಿನವರು ದೋಣಿಯನ್ನು ಆಚೆ ಬದಿಯಿಂದ ಹಿಡಿಯಬೇಕು. ನಿಮ್ಮ ತಮ್ಮ ತನ್ನ ಹೊಟ್ಟೆ ದೋಣಿಯ ಮೇಲೆ ಬರುವಂತೆ ಮೈಯನ್ನು ಎಳೆದುಕೊಂಡು, ಆಮೇಲೆ ಹೊರಳಿ ಕೂರಬೇಕು. ಜಾಕೆಟಿನ ಭುಜದ ಪಟ್ಟಿ ಹಿಡಿದು ಎತ್ತಬಹುದು, ಕೈ ಹಿಡಿದು ಜಗ್ಗಬಾರದು.

ಲಿಂಗನಮಕ್ಕಿ ಹಿನ್ನೀರು ಮಳೆಗಾಲ ಕಳೆದ ಮೇಲೆ ದಡದ ಹತ್ತಿರವೇ ಇರುತ್ತದೆ, ಆಗ ಹೋಗಿ. ಬೇಸಿಗೆಗೆ ನೀರು ಹಿಂದೆ ಸರಿದು ಕೆಸರಿನ ಉದ್ದ ಇಳಿಜಾರು ಉಳಿಯುತ್ತದೆ, ವೀಲ್‌ಚೇರ್ ಇಳಿಯದು, ಮುಳುಗಿದ್ದ ಮರದ ಬೊಡ್ಡೆಗಳೂ ಮೇಲೇಳುತ್ತವೆ.

ಪ್ರಶ್ನೆ: ಸೀತಾನದಿಯ ಅಳಿವೆ ಹತ್ತಿರ ನಮ್ಮ ಹೋಮ್‌ಸ್ಟೇ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಅತಿಥಿಗಳನ್ನು ಕಯಾಕ್‌ನಲ್ಲಿ ಕರೆದೊಯ್ಯುತ್ತೇವೆ. ವೀಲ್‌ಚೇರಿನವರು ಬಂದಾಗ ಹುಡುಗರು ಕಂಕುಳಿಗೆ ಕೈಕೊಟ್ಟು ಎತ್ತಿ ಕೂರಿಸುತ್ತಾರೆ. ಇದು ಸರಿಯೆ?
— ಉಡುಪಿ ಜಿಲ್ಲೆ

ಉತ್ತರ: ಸರಿಯಲ್ಲ, ಮತ್ತು ನಿಮ್ಮ ಹುಡುಗರ ಸೊಂಟಕ್ಕೂ ಕೇಡು. ವೀಲ್‌ಚೇರ್ ಬಳಸುವವರಿಗೆ ದಿನದ ಎಲ್ಲ ಓಡಾಟಕ್ಕೂ ಭುಜವೇ ಆಧಾರ. ಕಂಕುಳಲ್ಲಿ ಎತ್ತಿ ಅದನ್ನು ನೋಯಿಸಿದರೆ ತಿಂಗಳುಗಟ್ಟಲೆ ಅವರು ಹಾಸಿಗೆಯಿಂದ ಕುರ್ಚಿಗೆ ದಾಟುವುದೂ ಕಷ್ಟ. ಏನನ್ನೂ ಮುಟ್ಟುವ ಮೊದಲು "ನೀವು ಮನೆಯಲ್ಲಿ ಹೇಗೆ ದಾಟುತ್ತೀರಿ?" ಎಂದು ಅವರನ್ನೇ ಕೇಳಿ.

ಕಯಾಕನ್ನು ನೀರಿನಲ್ಲಿ ಬಿಟ್ಟು ಹತ್ತಿಸುವ ಬದಲು ದಡದಲ್ಲೇ ಹತ್ತಿಸಿ. ಎರಡು ಹಳೆ ಕಾರ್ ಟೈರ್ ಮಲಗಿಸಿ ಮೇಲೆ ಕಯಾಕ್ ಇಡಿ, ಸೀಟು ನೆಲದಿಂದ ಸುಮಾರು 30 ಸೆಂ.ಮೀ. ಎತ್ತರಕ್ಕೆ ಬರುತ್ತದೆ. ವೀಲ್‌ಚೇರಿನ ಸೀಟು 50 ಸೆಂ.ಮೀ. ಆಸುಪಾಸು. ನಡುವಿನ ಇಪ್ಪತ್ತು ಸೆಂಟಿಮೀಟರನ್ನು ಕೈಯಲ್ಲಿ ಬಲವಿರುವವರು ತಾವೇ ಇಳಿಯುತ್ತಾರೆ. ಕುರ್ಚಿಯನ್ನು ಓರೆಯಾಗಿ ನಿಲ್ಲಿಸಿ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ತೆಗೆಯಿರಿ. ಒದ್ದೆ ನೆಲದಲ್ಲಿ ಬ್ರೇಕ್ ಹಾಕಿದ ಕುರ್ಚಿಯೂ ಜಾರುತ್ತದೆ, ಹಾಗಾಗಿ ಒಬ್ಬರು ಹಿಂದೆ ಹಿಡಿದೇ ಇರಬೇಕು. ಮೊದಲು ಪಾದಗಳು ಕಯಾಕಿನೊಳಗೆ, ಆಮೇಲೆ ಮೈ. ಮೈ ಮೊದಲು ಹೋದರೆ ಪಾದ ದೋಣಿಯ ಅಂಚಿಗೆ ಸಿಕ್ಕಿ ತಿರುಚುತ್ತದೆ, ನೋವು ಗೊತ್ತಾಗದವರಿಗೆ ಮುರಿದದ್ದೂ ತಿಳಿಯುವುದಿಲ್ಲ. ತಾವೇ ಇಳಿಯಲಾಗದವರ ಅಡಿಗೆ ದಪ್ಪ ಬೆಡ್‌ಶೀಟ್ ಅಥವಾ ಹಿಡಿಕೆ ಹೊಲಿಸಿದ ಕ್ಯಾನ್ವಾಸ್ ಹಾಸಿ ನಾಲ್ವರು ಎತ್ತಿ. ಎತ್ತಬೇಕು, ಎಳೆಯಬಾರದು.

ಆಮೇಲೆ ಟೈರ್ ತೆಗೆದು, ಕಯಾಕಿನಡಿ 110 ಮಿ.ಮೀ. ಪಿವಿಸಿ ಪೈಪಿನ ಎರಡು-ಮೂರು ತುಂಡು ಹಾಕಿ ಉರುಳಿಸುತ್ತ ನೀರಿಗೆ ಇಳಿಸಿ. ದೋಣಿ-ಮನುಷ್ಯ ಸೇರಿ ತೊಂಬತ್ತು ಕೆ.ಜಿ. ದಾಟುತ್ತದೆ, ಹೊರುವ ಪೌರುಷ ಬೇಡ. ಅರ್ಧ ನೀರಲ್ಲಿ ಅರ್ಧ ನೆಲದಲ್ಲಿ ಇರುವ ಗಳಿಗೆಯೇ ಎಲ್ಲಕ್ಕಿಂತ ಅಪಾಯದ್ದು, ಆಗ ದೋಣಿ ಮೂತಿಯೊಂದರ ಮೇಲೆ ನಿಂತು ಹೊರಳುತ್ತದೆ. ಪೂರ್ತಿ ತೇಲುವ ತನಕ ಎರಡೂ ಬದಿಗೆ ಒಬ್ಬೊಬ್ಬರು ಹಿಡಿದಿರಬೇಕು.

ನಿಮ್ಮ ಜಾಗಕ್ಕೆ ಇನ್ನೊಂದು ಮಾತು: ಭರತ-ಇಳಿತ ನೋಡಿ ಹೊರಡಿ. ಹೊರಟಾಗ ಭರತವಿದ್ದು, ಹಿಂದಿರುಗುವಾಗ ನೀರಿಳಿದಿದ್ದರೆ ದಡದ ಬದಲು ಮೊಣಕಾಲುದ್ದ ಕೆಸರು ಸಿಗುತ್ತದೆ. ಭರತ ತುಂಬುವ ಒಂದು ಗಂಟೆ ಮುಂಚೆ ಹೊರಟು ತುಂಬಿದ ಒಂದು ಗಂಟೆಯೊಳಗೆ ವಾಪಸಾಗಿ. ಮರಳಿನಲ್ಲಿ ವೀಲ್‌ಚೇರಿನ ಮುಂದಿನ ಸಣ್ಣ ಚಕ್ರ ಹೂತುಹೋಗುತ್ತದೆ, 12 ಮಿ.ಮೀ. ಪ್ಲೈವುಡ್ ಹಲಗೆ ಎರಡಿಟ್ಟುಕೊಂಡು, ದಾಟಿದ್ದನ್ನು ತೆಗೆದು ಮುಂದೆ ಹಾಸುತ್ತ ಹೋಗಿ. ಕಾಂಡ್ಲಾ ಬೇರಿಗೆ, ಕಲ್ಲಿಗೆ ಅಂಟಿದ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ, ಸ್ಪರ್ಶವಿಲ್ಲದ ಪಾದಕ್ಕೆ ಕಾಲುಚೀಲ ಮತ್ತು ಮುಚ್ಚಿದ ಶೂ ಕಡ್ಡಾಯ. ಇಳಿಸುವುದು ಹತ್ತಿಸುವುದಕ್ಕಿಂತ ಕಷ್ಟ: ಅತಿಥಿಯ ಕೈ ಸೋತಿರುತ್ತದೆ, ಬಟ್ಟೆ ನೆನೆದು ಭಾರವಾಗಿರುತ್ತದೆ. ಹತ್ತಿಸಲು ಎಷ್ಟು ಜನ ಇದ್ದರೋ ಅಷ್ಟೂ ಜನ ಇಳಿಸುವಾಗಲೂ ದಡದಲ್ಲಿರಲಿ.

ಪ್ರಶ್ನೆ: ಕಯಾಕ್‌ನಲ್ಲಿ ಎಷ್ಟು ಹೊತ್ತು ಕೂರಬಹುದು? ಒಮ್ಮೆ ಬೆಡ್‌ಸೋರ್ ಆಗಿ ಆರು ತಿಂಗಳು ಮಲಗಿದ್ದೇನೆ. ವೀಲ್‌ಚೇರಿನ ಗಾಳಿ ಕುಶನ್ ಒಯ್ಯಲೆ?
— ದಾವಣಗೆರೆ

ಉತ್ತರ: ಗಾಯ ಪೂರ್ತಿ ವಾಸಿಯಾಗಿ ಚರ್ಮ ಗಟ್ಟಿಯಾಗಿದೆ ಎಂದು ಡಾಕ್ಟರು ಹೇಳಿದ್ದರೆ ಮಾತ್ರ ಮುಂದುವರಿಯಿರಿ. ತೆರೆದ ಗಾಯವಿಟ್ಟುಕೊಂಡು ಕೆರೆ ನೀರಿಗಿಳಿಯುವಂತಿಲ್ಲ.

ಮೊದಲ ಸಲ ಅರ್ಧ ಗಂಟೆ ಸಾಕು. ಪ್ರತಿ 15–20 ನಿಮಿಷಕ್ಕೆ ಪ್ಯಾಡಲ್ ಅಡ್ಡಲಾಗಿಟ್ಟು, ಎದೆ ತೊಡೆಗೆ ತಾಗುವಷ್ಟು ಮುಂದೆ ಬಾಗಿ ಒಂದೆರಡು ನಿಮಿಷ ಹಾಗೇ ಇರಿ, ಕೂರುವ ಮೂಳೆಗಳ ಮೇಲಿನ ಭಾರ ಇಳಿಯುತ್ತದೆ. ಆ ಹೊತ್ತಿಗೆ ಜೊತೆಯವರು ದೋಣಿ ಹಿಡಿದಿರಲಿ. ದಡಕ್ಕೆ ಬಂದ ಮೇಲೆ ಬಟ್ಟೆ ಬದಲಿಸುವಾಗ ಚರ್ಮ ನೋಡಿಸಿ. ಕೆಂಪಾದ ಜಾಗ ಅರ್ಧ ಗಂಟೆಯಲ್ಲಿ ಮಾಯವಾದರೆ ಮುಂದಿನ ಸಲ ಹತ್ತು ನಿಮಿಷ ಹೆಚ್ಚಿಸಬಹುದು. ಮಾಯವಾಗದಿದ್ದರೆ ಅಥವಾ ಬೆರಳೊತ್ತಿದಾಗ ಬಿಳಿಚಿಕೊಳ್ಳದಿದ್ದರೆ ಸೀಟು ಬದಲಿಸುವ ತನಕ ಕಯಾಕ್ ನಿಲ್ಲಿಸಿ.

ಗಾಳಿ ಕುಶನ್ ಎತ್ತರ ಹೆಚ್ಚಿಸುತ್ತದೆ, ಒಳಗೆ ಗಾಳಿ ಅತ್ತಿತ್ತ ಹರಿದು ದೋಣಿಯ ಜೊತೆಗೆ ನೀವೂ ತೂಗುತ್ತೀರಿ. ನೀರು ಹೀರದ ಇವಿಎ ಫೋಮ್ ಎರಡೂವರೆಯಿಂದ ಐದು ಸೆಂ.ಮೀ. ದಪ್ಪದ್ದು, ಅದರ ಮೇಲೆ ತೆಳು ಜೆಲ್ ಪ್ಯಾಡ್ ಇದ್ದರೆ ಚೆನ್ನ. ಸಾದಾ ಸ್ಪಂಜು ನೀರು ಕುಡಿದು ಚಪ್ಪಟೆಯಾಗುತ್ತದೆ, ಒದ್ದೆ ಚರ್ಮ ಬೇಗ ಕಿತ್ತುಬರುತ್ತದೆ. ಹಿಂಭಾಗದಲ್ಲಿ ಜೇಬು, ದಪ್ಪ ಹೊಲಿಗೆ ಇರುವ ಜೀನ್ಸ್ ಹಾಕಲೇಬೇಡಿ.

ಪ್ರಶ್ನೆ: ಮೊಣಕಾಲಿನ ಮೇಲೆ ಕಾಲು ಕತ್ತರಿಸಿದ್ದಾರೆ. ಕೃತಕ ಕಾಲು ಹಾಕಿಕೊಂಡೇ ಕಯಾಕ್ ಮಾಡಬಹುದೆ?
— ಹುಬ್ಬಳ್ಳಿ

ಉತ್ತರ: ತೆಗೆದಿಡಿ. ಟೊಳ್ಳಾದ ಕಾಲು ನೀರು ತುಂಬಿಕೊಂಡು ಕೆಳಗೆಳೆಯುತ್ತದೆ, ಗಾಳಿ ತುಂಬಿದ್ದರೆ ಒಂದೇ ಕಾಲನ್ನು ಮೇಲೆತ್ತಿ ನಿಮ್ಮನ್ನು ಬೋರಲು ಮಾಡುತ್ತದೆ. ಎಲೆಕ್ಟ್ರಾನಿಕ್ ಮೊಣಕಾಲಾದರೆ ಉಪ್ಪುನೀರಿಗೆ ಅಲ್ಲಿಗೇ ಮುಗಿಯಿತು. ಜೈಪುರ ಕಾಲು ಗದ್ದೆ ನೀರಿನಲ್ಲಿ ನಡೆಯಲೆಂದೇ ಆದದ್ದು, ದಡದಿಂದ ದೋಣಿಯವರೆಗೆ ಅದನ್ನು ಹಾಕಿಕೊಂಡು ನಡೆದು, ಆಮೇಲೆ ಕಳಚಿ ದಡದಲ್ಲಿರುವವರಿಗೆ ಕೊಡಿ. ದೋಣಿಯೊಳಗೆ ಮೋಟುಗಾಲಿನಡಿ ಫೋಮ್ ತುಂಬಿ, ಎರಡೂ ತೊಡೆ ಒಂದೇ ಎತ್ತರದಲ್ಲಿರಲಿ. ಹಾಗೆ ಮಾಡದಿದ್ದರೆ ಸೊಂಟ ಒಂದು ಕಡೆಗೆ ತಿರುಗಿ ದೋಣಿ ಸದಾ ಒಂದೇ ದಿಕ್ಕಿಗೆ ಎಳೆಯುತ್ತದೆ. ಇರುವ ಕಾಲನ್ನು ಫುಟ್‌ರೆಸ್ಟಿಗೆ ಒತ್ತುವಾಗಲೂ ಇದೇ ತೊಂದರೆ, ಹತ್ತಿರ ಹತ್ತಿರ ಸಣ್ಣ ಏಟು ಹಾಕಿ ಅಭ್ಯಾಸ ಮಾಡಿ.

ಮೊಣಕಾಲ ಕೆಳಗೆ ಕತ್ತರಿಸಿದವರು ಹಳೆಯದೊಂದು ಕಾಲಿದ್ದರೆ ಹಾಕಿಕೊಳ್ಳಬಹುದು. ಕೆಳತುದಿಗೆ ನೀರು ಬಸಿಯಲು ತೂತು ಬೇಕು, ಅದನ್ನು ಕಾಲು ಮಾಡಿಕೊಟ್ಟ ಕಡೆಯೇ ಹಾಕಿಸಿ.

ಪ್ರಶ್ನೆ: ಈಜು ಬರಲೇಬೇಕೆ?
— ಚಿತ್ರದುರ್ಗ

ಉತ್ತರ: ಬಂದರೆ ಒಳ್ಳೆಯದು, ಬರಲೇಬೇಕೆಂದಿಲ್ಲ. ಮುಖಕ್ಕೆ ನೀರು ಬಿದ್ದಾಗ ಉಸಿರು ಬಿಗಿಹಿಡಿದು, ಜಾಕೆಟ್ ಮೇಲೆ ತರುವ ತನಕ ಗಾಬರಿಯಾಗದಿರುವುದು ಬೇಕೇ ಬೇಕು.

ಪ್ರಶ್ನೆ: ನಮ್ಮ ಯಜಮಾನರಿಗೆ ಲಕ್ವ ಹೊಡೆದು ಎರಡು ವರ್ಷವಾಯಿತು. ನಡೆಯುತ್ತಾರೆ, ಬಲಗೈಯಲ್ಲಿ ಹಿಡಿತವಿಲ್ಲ. ಒಂದೇ ಕೈಯಲ್ಲಿ ಆಗುತ್ತದೆಯೆ?
— ಮೈಸೂರು

ಉತ್ತರ: ಆಗುತ್ತದೆ. ಇಬ್ಬರು ಕೂರುವ ಕಯಾಕ್‌ನಿಂದ ಶುರುಮಾಡಿ. ಅವರು ಮುಂದೆ, ಕಲಿಸುವವರು ಹಿಂದೆ. ಹಿಂದಿನವರಿಗೆ ಅವರ ಮೈ ಯಾವ ಕಡೆ ವಾಲುತ್ತಿದೆ ಎಂಬುದು ಕಾಣುತ್ತಿರಬೇಕು, ದಿಕ್ಕು ತಿರುಗಿಸುವುದೂ ಹಿಂದಿನಿಂದಲೇ. ಡೆಕ್ಕಿನ ಮೇಲೆ ಕಂಬದಂಥ ಸ್ಟ್ಯಾಂಡ್ ನಿಲ್ಲಿಸಿ ಅದರ ತುದಿಯಲ್ಲಿ ಪ್ಯಾಡಲಿನ ನಡುಭಾಗ ಕೂರಿಸುವ ಹೋಲ್ಡರ್‌ಗಳಿವೆ. ಭಾರವನ್ನೆಲ್ಲ ಸ್ಟ್ಯಾಂಡ್ ಹೊರುತ್ತದೆ, ಒಂದು ಕೈ ತೂಗಿದರೆ ಎರಡೂ ಬದಿಯ ಅಲಗು ನೀರಿಗಿಳಿಯುತ್ತದೆ. ಒಬ್ಬರೇ ಹೋಗುವ ಕಾಲಕ್ಕೆ ಹಿಂದೆ ಸ್ಕೆಗ್, ಅಂದರೆ ದೋಣಿ ನೇರ ಸಾಗುವಂತೆ ಅಡಿಗೆ ಹಾಕುವ ರೆಕ್ಕೆ, ಇರುವ ದೋಣಿ ನೋಡಿ, ಇಲ್ಲದಿದ್ದರೆ ಗಾಣದ ಎತ್ತಿನಂತೆ ಸುತ್ತುತ್ತಲೇ ಇರಬೇಕಾಗುತ್ತದೆ.

ಪ್ಯಾಡಲಿನ ಎರಡು ಅಲಗುಗಳೂ ಒಂದೇ ನೇರದಲ್ಲಿರಲಿ. ಓರೆಯಾಗಿ ಜೋಡಿಸಿದರೆ ಪ್ರತಿ ಏಟಿಗೂ ಮಣಿಕಟ್ಟು ತಿರುಗಿಸಬೇಕು. ಲಕ್ವದ ಕಡೆಯ ಭುಜ ಕೀಲಿನಿಂದ ಸಡಿಲಗೊಂಡಿರಬಹುದು, ಹತ್ತಿಸುವಾಗ ಇಳಿಸುವಾಗ ಆ ಕೈ ಹಿಡಿದು ಎಳೆಯಬೇಡಿ. ಆ ಬದಿಯಲ್ಲಿರುವ ಬಂಡೆ, ದೋಣಿ ಕಣ್ಣಿಗೆ ಬೀಳದಿರುವುದೂ ಉಂಟು. ಊಟದ ತಟ್ಟೆಯಲ್ಲಿ ಒಂದು ಕಡೆಯದ್ದನ್ನು ಹಾಗೇ ಬಿಡುತ್ತಿದ್ದರೆ ಅದೇ ಸೂಚನೆ. ಅಂಥವರು ಒಬ್ಬರೇ ಹೋಗುವ ಯೋಚನೆ ಬಿಡಬೇಕು. ಬಿ.ಪಿ. ಹಿಡಿತದಲ್ಲಿದೆಯೆ ಎಂದು ನೋಡಿಸಿಯೇ ಹೊರಡಿ.

ಪ್ರಶ್ನೆ: ನನ್ನದು ಸಿ-6 ಗಾಯ, ಅಂದರೆ ಕತ್ತಿನ ಭಾಗದ ಬೆನ್ನುಹುರಿಯದ್ದು. ಮಣಿಕಟ್ಟು ಮೇಲೆತ್ತಬಲ್ಲೆ, ಬೆರಳು ಮಡಚಲಾಗದು. ಪ್ಯಾಡಲ್ ಹಿಡಿಯುವುದು ಹೇಗೆ? ಬೇರೆ ಏನು ಎಚ್ಚರ ಬೇಕು?
— ಬೆಂಗಳೂರು

ಉತ್ತರ: ಮಣಿಕಟ್ಟು ಹಿಂದಕ್ಕೆತ್ತಿದಾಗ ಬೆರಳು ತಾವಾಗಿ ಒಳಗೆ ಸರಿಯುತ್ತವಲ್ಲ, ಅಷ್ಟು ಹಿಡಿತವನ್ನು ಬಳಸಬಹುದು. ಪ್ಯಾಡಲಿನ ದಂಡಕ್ಕೆ ಫೋಮ್ ಸುತ್ತಿ ಮೇಲೆ ಕ್ರಿಕೆಟ್ ಬ್ಯಾಟಿನ ಗ್ರಿಪ್ ಎಳೆಯಿರಿ, ದಪ್ಪವಾದಷ್ಟೂ ಹಿಡಿತ ಸುಲಭ. ಕೈ ಹಿಂಬದಿಯಿಂದ ಸುತ್ತುವ ನಿಯೋಪ್ರೀನ್ ಪಟ್ಟಿ ಸೇರಿಸಿ, ತುದಿಗೆ ಹಲ್ಲಲ್ಲಿ ಕಚ್ಚಿ ಎಳೆಯುವಷ್ಟು ದೊಡ್ಡ ಕುಣಿಕೆ ಇರಲಿ. ಕೈಯನ್ನು ಪ್ಯಾಡಲಿಗೆ ಕಟ್ಟಬಹುದು. ಪ್ಯಾಡಲನ್ನು ದೋಣಿಗೆ ಕಟ್ಟಿ, ಅದಕ್ಕೆ ಕೈಯನ್ನೂ ಕಟ್ಟಿದರೆ ನಿಮ್ಮನ್ನೇ ದೋಣಿಗೆ ಕಟ್ಟಿದಂತೆ. ಹಗುರವಾದ, ಚಿಕ್ಕ ಅಲಗಿನ ಪ್ಯಾಡಲ್ ಕೊಳ್ಳಿ. ದುಡ್ಡು ಹಾಕುವುದಿದ್ದರೆ ದೋಣಿಗಿಂತ ಮೊದಲು ಇಲ್ಲಿ ಹಾಕಿ. ಅಗಲದ ದೋಣಿಗೆ 230ರಿಂದ 240 ಸೆಂ.ಮೀ. ಉದ್ದ ಬೇಕು.

ಎಚ್ಚರ ಎರಡು. ಒಂದು, ಬಿಸಿಲು. ನಿಮ್ಮ ಮಟ್ಟದ ಗಾಯದಲ್ಲಿ ಕೆಳಗಿನ ಮೈ ಬೆವರುವುದಿಲ್ಲ, ಒಳಗೇ ಕಾಯುತ್ತದೆ. ಬೆಳಗ್ಗೆ ಒಂಬತ್ತರೊಳಗೆ ಮುಗಿಸಿ, ಕತ್ತಿಗೆ ಒದ್ದೆ ಬಟ್ಟೆ, ಕೈಗೆ ನೀರಿನ ಸ್ಪ್ರೇ ಬಾಟಲಿ ಇರಲಿ. ಮೂತ್ರದ ಚಿಂತೆಗೆ ನೀರು ಕುಡಿಯುವುದು ಬಿಡಬೇಡಿ.

ಎರಡನೆಯದು ಹೆಚ್ಚು ಗಂಭೀರ. ಟಿ-6 (ಎದೆಭಾಗದ ಆರನೇ ಮಟ್ಟ) ಮತ್ತು ಅದರ ಮೇಲಿನ, ನಿಮ್ಮಂತೆ ಕತ್ತಿನ ಗಾಯವೂ ಸೇರಿ, ಗಾಯ ಇರುವವರಿಗೆ ಅಟಾನೊಮಿಕ್ ಡಿಸ್‌ರಿಫ್ಲೆಕ್ಸಿಯಾ ಬರಬಹುದು: ತಲೆ ಸಿಡಿಯುವ ನೋವು, ಮುಖ ಕೆಂಪೇರುವುದು, ಗಾಯದ ಮೇಲಿನ ಭಾಗ ಬೆವರುವುದು, ಬಿ.ಪಿ. ಏಕಾಏಕಿ ಏರುವುದು. ಸಾಮಾನ್ಯ ಕಾರಣ ತುಂಬಿದ ಮೂತ್ರಕೋಶ. ಕಯಾಕ್‌ನಲ್ಲಿ ಮೊಣಕಾಲು ಮಡಚಿ ಕೂತಾಗ ಮೂತ್ರ ಹೊರಹೋಗುವ ಕ್ಯಾಥೆಟರಿನ ನಳಿಕೆ ಮಡಚಿಕೊಳ್ಳುತ್ತದೆ, ಬಿಗಿ ಪಟ್ಟಿ, ಸುಕ್ಕುಬಿದ್ದ ಬಟ್ಟೆಯೂ ಸಾಕು. ಹೊರಡುವ ಮುಂಚೆ ಮೂತ್ರದ ಚೀಲ ಖಾಲಿ ಮಾಡಿ, ಕೂತ ಮೇಲೆ ನಳಿಕೆಯ ಹಾದಿಯನ್ನು ಬೆರಳಲ್ಲಿ ಸವರಿ ನೋಡಿಸಿ. ಲಕ್ಷಣ ಕಂಡರೆ ಮಲಗಿಸಬಾರದು, ನೇರ ಕೂರಿಸಿ, ಜಾಕೆಟಿನ ಪಟ್ಟಿ ಸಡಿಲಿಸಿ ನಳಿಕೆ ನೇರ ಮಾಡಿ ದಡಕ್ಕೆ ಬನ್ನಿ. ದಡಕ್ಕೆ ಬಂದ ಮೇಲೂ ಕಡಿಮೆಯಾಗದಿದ್ದರೆ ತಕ್ಷಣ ಆಸ್ಪತ್ರೆ. ಜೊತೆಗೆ ಬರುವ ಪ್ರತಿಯೊಬ್ಬರಿಗೂ ಇದನ್ನು ಮುಂಚೆಯೇ ಹೇಳಿರಿ, ಬಹಳ ವೈದ್ಯರಿಗೂ ಈ ಹೆಸರು ಪರಿಚಯವಿರುವುದಿಲ್ಲವಾದ್ದರಿಂದ ಚೀಟಿಯಲ್ಲಿ ಬರೆದಿಟ್ಟುಕೊಂಡಿರಿ.

ಪ್ರಶ್ನೆ: ವೆಲ್ಡಿಂಗ್, ಪ್ಲಂಬಿಂಗ್ ಕೆಲಸ ಮಾಡುತ್ತೇನೆ. ಕಯಾಕ್ ಮಗುಚದಂತೆ ಎರಡೂ ಕಡೆ ತೇಲುಪೈಪ್ ಕಟ್ಟಿಕೊಡಲು ಕೇಳಿದ್ದಾರೆ. ಅಳತೆ ಕೊಡಿ.
— ತುಮಕೂರು

ಉತ್ತರ: ಇದಕ್ಕೆ ಔಟ್‌ರಿಗರ್ ಎನ್ನುತ್ತಾರೆ. 110 ಮಿ.ಮೀ. ಪಿವಿಸಿ ಪೈಪ್ 1.2 ಮೀಟರ್ ಉದ್ದದ್ದು ಸುಮಾರು 11 ಲೀಟರ್ ನೀರು ಸರಿಸುತ್ತದೆ, ತನ್ನ ತೂಕ ಕಳೆದು ಒಂಬತ್ತು ಕೆ.ಜಿ.ಯಷ್ಟು ಎತ್ತುತ್ತದೆ. ದೋಣಿಯ ನಡುವಿನಿಂದ 75 ಸೆಂ.ಮೀ. ದೂರಕ್ಕೆ ಕಟ್ಟಿದರೆ 70 ಕೆ.ಜಿ.ಯವರ ಮೈಭಾರ ಹತ್ತು ಸೆಂಟಿಮೀಟರ್‌ನಷ್ಟು ಪಕ್ಕಕ್ಕೆ ಸರಿದರೂ ತಡೆಯುತ್ತದೆ. ದೇಹದ ಮೇಲೆ ಹಿಡಿತವೇ ಇಲ್ಲದವರಿಗೆ 160 ಮಿ.ಮೀ. ಪೈಪ್ ಹಾಕಿ, ಅದೇ ಉದ್ದಕ್ಕೆ 24 ಲೀಟರ್ ಬರುತ್ತದೆ. ಎರಡೂ ತುದಿಗೆ ಕ್ಯಾಪ್, ಸಾಲ್ವೆಂಟ್ ಸಿಮೆಂಟ್. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಜೋಡಣೆ ಸಣ್ಣಗೆ ಬಾಯಿಬಿಡುತ್ತದೆ, ಸಂಜೆ ತಣ್ಣೀರಿಗೆ ಬಿಟ್ಟಾಗ ಅಲ್ಲಿಂದಲೇ ನೀರು ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ಕ್ಯಾಪ್ ಹಾಕುವ ಮೊದಲು ಬಿಗಿಯಾಗಿ ಮುಚ್ಚಿದ ಖಾಲಿ ನೀರಿನ ಬಾಟಲಿಗಳನ್ನು ಒಳಗೆ ತುಂಬಿ. ಪೈಪ್ ಸೋರಿದರೂ ಬಾಟಲಿ ತೇಲಿಸುತ್ತವೆ.

ಅಡ್ಡಕ್ಕೆ 32 ಮಿ.ಮೀ. ಅಲ್ಯೂಮಿನಿಯಂ ಪೈಪ್, ಬೆನ್ನೊರಗಿನಿಂದ 30–40 ಸೆಂ.ಮೀ. ಹಿಂದೆ. ಮುಂದೆ ಹಾಕಿದರೆ ಪ್ರತಿ ಏಟಿಗೂ ಪ್ಯಾಡಲ್ ತಾಗುತ್ತದೆ. ಪಾಲಿಎಥಿಲೀನ್ ದೋಣಿಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ತೂತು ಕೊರೆಯುವುದಕ್ಕಿಂತ ಲಾರಿಯವರ ರ‍್ಯಾಚೆಟ್ ಬೆಲ್ಟಿನಿಂದ ಬಿಗಿಯುವುದು ಮೇಲು, ಬೋಲ್ಟಿನ ಚೂಪು ತುದಿ ಎಲ್ಲೂ ಮೈಗೆ ತಾಗಬಾರದು. ದೋಣಿ ನೆಟ್ಟಗಿದ್ದಾಗ ಎರಡೂ ತೇಲುಪೈಪ್ ನೀರಿನಿಂದ ಎರಡು-ಮೂರು ಸೆಂ.ಮೀ. ಮೇಲಿರಲಿ. ಎರಡೂ ಮುಳುಗಿದ್ದರೆ ಎಳೆತ ಹೆಚ್ಚಿ ಕೂತವರ ಭುಜ ಬೇಗ ಸೋಲುತ್ತದೆ. ಎತ್ತರವನ್ನು ಅವರು ಕೂತ ಮೇಲೆಯೇ ಹೊಂದಿಸಬೇಕು, ಖಾಲಿ ದೋಣಿಯಲ್ಲಿ ಹೊಂದಿಸಿದ್ದು ಲೆಕ್ಕಕ್ಕಿಲ್ಲ. ಹರಿಯುವ ಹೊಳೆಗೆ, ಬೇರು ಪೊದೆಗಳ ನಡುವಿಗೆ ಇದನ್ನು ಒಯ್ಯಬೇಡಿ ಎಂದೂ ಹೇಳಿ ಕೊಡಿ; ಸಿಕ್ಕಿಕೊಂಡರೆ ಪ್ರವಾಹ ದೋಣಿಯನ್ನು ಅಡ್ಡ ತಿರುಗಿಸಿ ಮಗುಚುತ್ತದೆ. ದಾಂಡೇಲಿ ಕಡೆಯ ಕಾಳಿಯಲ್ಲಂತೂ ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹರಿವು ಹಠಾತ್ತನೆ ಏರುತ್ತದೆ.

ಪ್ರಶ್ನೆ: ಮಗಳಿಗೆ 17 ವರ್ಷ, ಹುಟ್ಟಿನಿಂದ ಸ್ಪೈನಾ ಬೈಫಿಡಾ (ಬೆನ್ನುಮೂಳೆ ಪೂರ್ತಿ ಮುಚ್ಚಿಕೊಳ್ಳದ ತೊಂದರೆ). ಸ್ಪರ್ಧೆಗೆ ಹೋಗಬೇಕೆನ್ನುತ್ತಾಳೆ. ದಾರಿ ಇದೆಯೆ?
— ಬಾಗಲಕೋಟೆ

ಉತ್ತರ: ಇದೆ. ಪ್ಯಾರಾಕೆನೂ, ಅಂದರೆ ಅಂಗವಿಕಲರ ದೋಣಿ ಸ್ಪರ್ಧೆ, 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಿಂದ ಸ್ಪರ್ಧೆಯಲ್ಲಿದೆ, ದೂರ 200 ಮೀಟರ್. ಕಯಾಕ್‌ನಲ್ಲಿ ಮೂರು ವರ್ಗ: ಮುಂಡದಲ್ಲಿ ಬಲ ತೀರ ಕಡಿಮೆ ಇದ್ದು ಕೈ-ಭುಜವನ್ನೇ ನೆಚ್ಚಿದವರಿಗೆ ಕೆಎಲ್-1, ಮುಂಡದಲ್ಲಿ ಅರೆಬಲ ಇರುವವರಿಗೆ ಕೆಎಲ್-2, ಮುಂಡ ಚೆನ್ನಾಗಿದ್ದು ಕಾಲಿನಲ್ಲೂ ಸ್ವಲ್ಪ ಬಲವಿರುವವರಿಗೆ ಕೆಎಲ್-3. ಒಂದೇ ಅಲಗಿನ ಪ್ಯಾಡಲ್, ಪಕ್ಕಕ್ಕೆ ತೇಲುಗಟ್ಟೆ ಇರುವ ವಾಆ ದೋಣಿಯದ್ದು ಬೇರೆ ವರ್ಗಗಳು. ವರ್ಗ ತೀರ್ಮಾನವಾಗುವುದು ವೈದ್ಯಕೀಯ ದಾಖಲೆ, ಮುಂಡ ಮತ್ತು ಕಾಲಿನ ಬಲಪರೀಕ್ಷೆ, ಆಮೇಲೆ ನೀರಿನ ಮೇಲೆ ನಡೆಸಿ ನೋಡುವುದರಿಂದ. ಸ್ಪರ್ಧೆಯ ಕಯಾಕ್ ಗರಿಷ್ಠ 5.2 ಮೀಟರ್ ಉದ್ದ, ಕನಿಷ್ಠ 50 ಸೆಂ.ಮೀ. ಅಗಲ, ಕನಿಷ್ಠ 12 ಕೆ.ಜಿ. ತೂಕ. ಅಗಲದ ದೋಣಿಯಿಂದ ಅದಕ್ಕೆ ಹೋದಾಗ ಮೊದಲ ವಾರಗಳಲ್ಲಿ ಬೀಳುತ್ತಲೇ ಇರುತ್ತಾಳೆ, ಅದು ಎಲ್ಲರಿಗೂ ಆಗುವುದೇ.

ನಮ್ಮ ದೇಶದಲ್ಲಿ ಈ ಕ್ರೀಡೆ ನೋಡಿಕೊಳ್ಳುವುದು ಭಾರತೀಯ ಕಯಾಕಿಂಗ್ ಮತ್ತು ಕೆನೋಯಿಂಗ್ ಸಂಸ್ಥೆ, ಅಭ್ಯಾಸದ ದೊಡ್ಡ ನೆಲೆ ಭೋಪಾಲ. ಗ್ವಾಲಿಯರ್‌ನ ಪ್ರಾಚಿ ಯಾದವ್ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಪ್ಯಾರಾಕೆನೂ ಸ್ಪರ್ಧಿಸಿದ ಮೊದಲ ಭಾರತೀಯರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಕೆಎಲ್-2 ಚಿನ್ನ ಗೆದ್ದರು. ಭಿಂಡ್‌ನ ಪೂಜಾ ಓಝಾ 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ತಂದರು. ಯುಡಿಐಡಿ ಕಾರ್ಡ್ (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ) ಮಾಡಿಸಿಟ್ಟುಕೊಳ್ಳಿ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 30ನೇ ಕಲಂ ಕ್ರೀಡೆಯ ಬಗ್ಗೆಯೇ ಇದೆ, ಜಿಲ್ಲಾ ಕ್ರೀಡಾ ಇಲಾಖೆಗೆ ಅರ್ಜಿ ಬರೆಯುವಾಗ ಅದನ್ನು ಕಾಣಿಸಿ.

ಸ್ಪೈನಾ ಬೈಫಿಡಾ ಇರುವವರಲ್ಲಿ ಲ್ಯಾಟೆಕ್ಸ್ ಅಲರ್ಜಿ ಹೆಚ್ಚು. ಹಳೆ ಸೈಕಲ್ ಟ್ಯೂಬ್, ರಬ್ಬರ್ ಗ್ಲೌಸ್, ರಬ್ಬರ್ ಬೆಲ್ಟ್ ಸೀಟಿಗೂ ಪ್ಯಾಡಲಿಗೂ ಸುತ್ತುವ ಮುಂಚೆ ಡಾಕ್ಟರಲ್ಲಿ ಪರೀಕ್ಷೆ ಮಾಡಿಸಿ. ತಲೆಯಲ್ಲಿ ನೀರು ಬಸಿಯುವ ಶಂಟ್ ಹಾಕಿದ್ದರೆ ಅದನ್ನು ತರಬೇತುದಾರರಿಗೆ ಮೊದಲ ದಿನವೇ ತಿಳಿಸಿ, ಹೆಲ್ಮೆಟ್ಟಿನ ಪಟ್ಟಿ ಶಂಟಿನ ಮೇಲೆ ಒತ್ತಬಾರದು.